ಕಮೀನೊ ಡಾಕ್ಯುಮೆಂಟರಿ, ಐದನೇ ಅಪ್‌ಡೇಟ್: ಸಂದರ್ಶನ ಎಲ್ಲ ಕಿತ್ತು ಹಾಕ್ದೆ

ಎರಡು ತಿಂಗಳಾಯ್ತು ಇಲ್ಲಿ ಬರ್ದು. ಕೆಲ್ಸ ನಿಂತಿರ್ಲಿಲ್ಲ, ದಿನಾ ರಾತ್ರಿ ಸ್ವಲ್ಪ ಸ್ವಲ್ಪ ನಡೀತಾನೇ ಇತ್ತು, ಆದ್ರೆ ಹೇಳ್ಕೊಳ್ಳೋ ಅಂಥದ್ದೇನೂ ಆಗಿರ್ಲಿಲ್ಲ. ಹೋದ ವಾರ ರಫ್ ಕಟ್, ಅಂದ್ರೆ ಫಿಲ್ಮಿನ ಮೊದಲ ಕಚ್ಚಾ ಜೋಡಣೆ, ಹಾಕ್ಕೊಂಡು 94 ನಿಮಿಷ ಎದ್ದೇಳದೆ ನೋಡ್ದೆ. ಮುಗಿದ್ಮೇಲೆ ತುಂಬಾ ಬೇಜಾರಾಯ್ತು, ಯಾಕಂದ್ರೆ ಇದ್ರಲ್ಲಿರೋ ಎಲ್ರೂ ಒಂದೇ ಮಾತು ಹೇಳ್ತಿದಾರೆ.

ಹೊಸಬ್ರಿಗೆ ಸ್ವಲ್ಪ ಹಿನ್ನೆಲೆ. ತಮ್ಮ ದೇಶ ಬಿಟ್ಟು ಇನ್ನೆಲ್ಲೋ ಹೋಗಿ ಮನಸ್ಸಿಗೆ ಏನೋ ಹುಡುಕೋ ಜನ್ರ ಬಗ್ಗೆ ನಾನು ಮಾಡ್ತಿರೋ ಫಿಲ್ಮ್ ಇದು. ಜಾಗ ಸ್ಪೇನಿನ ಕಮೀನೊ ದೆ ಸಾಂಟಿಯಾಗೊ, ಮಧ್ಯಯುಗದಿಂದ ಜನ ನಡ್ಕೊಂಡು ಬರ್ತಿರೋ ಯಾತ್ರೆ ದಾರಿ. ಫ್ರಾನ್ಸ್ ಕಡೆಯ ಸಾಂ-ಝಾಂ-ಪಿಯೆ-ದ-ಪೋರ್ ಅನ್ನೋ ಊರಿಂದ ಪಿರನೀಸ್ ಬೆಟ್ಟ ಹತ್ತಿ ಇಳಿದು ಸಾಂಟಿಯಾಗೊ ಕ್ಯಾಥೀಡ್ರಲ್ ತಲುಪೋಕೆ ಸುಮಾರು 780 ಕಿ.ಮೀ. ನಾನು 36 ದಿನ ನಡೆದೆ, ಒಂದು ಕ್ಯಾಮೆರಾ, ಎರಡು ಕಾಲರ್ ಮೈಕ್, ಅಷ್ಟೇ ಸಾಮಾನು.

ದಾರೀಲಿ 23 ಜನ್ರನ್ನ ಕೂರಿಸಿ "ಯಾಕೆ ಬಂದ್ರಿ?" ಅಂತ ಕೇಳಿದ್ದೆ. ಎಲ್ರ ಉತ್ತರಾನೂ ಇದೇ: ನನ್ನನ್ನ ನಾನು ತಿಳ್ಕೊಳ್ಳೋಕೆ, ಬದುಕಿನ ಅರ್ಥ ಹುಡುಕೋಕೆ, ಮನಶ್ಶಾಂತಿಗೆ. ಸುಳ್ಳಲ್ಲ ಅದು, ಆದ್ರೆ ಕ್ಯಾಮೆರಾ ಆನ್ ಆದ ತಕ್ಷಣ ಮನುಷ್ಯ ಅಂಗಿ ಸರಿ ಮಾಡ್ಕೊಂಡು ಕೂರ್ತಾನಲ್ಲ, ಮಾತೂ ಹಾಗೇ ಸರಿ ಮಾಡ್ಕೊಂಡೇ ಬರುತ್ತೆ. ಅದೇ ಜನ ಸಂಜೆ ಆಲ್ಬೆರ್ಗೇಲಿ, ಅಂದ್ರೆ ಯಾತ್ರಿಗಳು ಉಳ್ಕೊಳ್ಳೋ ಡಾರ್ಮಿಟ್ರೀಲಿ, ಸಾಕ್ಸ್ ಒಗೀತಾ ಆಡಿದ ಮಾತೇ ಬೇರೆ. ಒಬ್ರು ನರ್ಸ್ ಇದ್ರು, ಬೆಂಚಿನ ಮೇಲೆ ಕಾಲು ಮಡಚಿ ಕೂತು ಸೂಜೀಲಿ ಹಿಮ್ಮಡಿಯ ಬೊಬ್ಬೆ ಚುಚ್ಚಿ, ನೀರು ಇಳೀತಿರ್ಲಿ ಅಂತ ದಾರ ಒಳಗೇ ಬಿಟ್ಟು, ತಲೆ ಎತ್ತದೆ ಹೇಳಿದ್ರು, "ಹನ್ನೆರಡು ವರ್ಷ ನೈಟ್ ಶಿಫ್ಟ್ ಮಾಡಿದೀನಿ, ಅಪ್ಪ ಹೋದ ರಾತ್ರೀನೂ ಡ್ಯೂಟೀಲೇ ಇದ್ದೆ." ಪುಣ್ಯಕ್ಕೆ ಅವತ್ತು ಅವ್ರು ಒಪ್ಪಿ ಮೈಕ್ ಹಾಕ್ಕೊಂಡೇ ಇದ್ರು. ಮುಖ ಸರಿಯಾಗಿ ಕಾಣಲ್ಲ, ಬೆರಳು, ದಾರ, ಹಿಮ್ಮಡಿ ಮಾತ್ರ ಕಾಣುತ್ತೆ. ಇಡೀ ಫೂಟೇಜಲ್ಲಿ ಇದಕ್ಕಿಂತ ಒಳ್ಳೇ ಶಾಟ್ ನನ್ನ ಹತ್ರ ಇಲ್ಲ.

ಹಾಗಾಗಿ ಕೂತು ಮಾತಾಡಿದ ಸಂದರ್ಶನ ಒಂದನ್ನೂ ಬಿಡದೆ ತೆಗೆದೆ. ಈಗ ಟೈಮ್‌ಲೈನ್ 61 ನಿಮಿಷ. ಕೈ, ಕಾಲು, ನಡಿಗೆ, ಮಧ್ಯ ಮಧ್ಯ ಇಂಥ ಮಾತು. ಹೊಟ್ಟೆ ಉರೀತು ಕಟ್ ಮಾಡುವಾಗ, ಆದ್ರೆ ಈಗ ನೋಡಿದ್ರೆ ಉಸಿರಾಡ್ತಿದೆ ಅನ್ಸುತ್ತೆ.

ಇನ್ನೊಂದನ್ನೂ ತೆಗೆದೆ, ಅದು ಬೇರೆ ಕಾರಣಕ್ಕೆ. ಫೋನ್ಸೆಬಾದೋನ್ ಊರು ದಾಟಿದ್ಮೇಲೆ ಸುಮಾರು 1500 ಮೀಟರ್ ಎತ್ತರದಲ್ಲಿ ಕ್ರೂಸ್ ದೆ ಫೆರೊ ಅಂತ ಬರುತ್ತೆ, ಉದ್ದದ ಮರದ ಕಂಬ, ತುದೀಲಿ ಪುಟ್ಟ ಕಬ್ಬಿಣದ ಶಿಲುಬೆ, ಬುಡದಲ್ಲಿ ಕಲ್ಲಿನ ಗುಡ್ಡೆ. ಮನೆಯಿಂದ ತಂದ ಕಲ್ಲನ್ನ ಜನ ಅಲ್ಲಿ ಬಿಟ್ಟು ಹೋಗ್ತಾರೆ, ಮನಸ್ಸಿನ ಭಾರಾನೂ ಅದರ ಜೊತೆ ಇಳಿಸಿದ ಹಾಗೆ. ಬೆಳಿಗ್ಗೆ ಮಂಜಲ್ಲಿ ಒಬ್ಬ ಹೆಂಗಸು ಕಲ್ಲಿಟ್ಟು ಅಲ್ಲೇ ಕುಸಿದು ಕೂತು ಅಳ್ತಿದ್ದದ್ದನ್ನ ದೂರದಿಂದ ಶೂಟ್ ಮಾಡಿದ್ದೆ. ಮೂರು ದಿನ ಆದ್ಮೇಲೆ ದಾರೀಲಿ ಸಿಕ್ರು, ತೋರಿಸಿ ಕೇಳ್ದೆ. ಪೂರ್ತಿ ನೋಡಿ "ಬೇಡ, ಇದು ನನ್ನ ಮಗನದ್ದು" ಅಂದ್ರು. ಅವ್ರ ಎದುರಿಗೇ ಡಿಲೀಟ್ ಮಾಡ್ಬೇಕಿತ್ತು, ಮಾಡ್ಲಿಲ್ಲ, ಮನಸ್ಸು ಬದಲಾಗ್ಬಹುದೇನೋ ಅಂತ ಇಟ್ಕೊಂಡಿದ್ದೆ. ತಪ್ಪು ನಂದು. ಮೊನ್ನೆ ಬ್ಯಾಕಪ್ ಡ್ರೈವ್ ಎರಡರಿಂದಲೂ ಅಳಿಸಿದೆ. ಆ ಜಾಗದಲ್ಲೀಗ ಮಂಜು ಇದೆ, ಕಲ್ಲಿನ ಮೇಲೆ ಕಲ್ಲು ಇಟ್ಟಾಗ ಬರೋ ಟಕ್ ಅನ್ನೋ ಸದ್ದಿದೆ.

ಆಡಿಯೋ ದೊಡ್ಡ ತಲೆನೋವು. ಬುರ್ಗೋಸ್ ದಾಟಿದ್ಮೇಲೆ ಮೆಸೆತಾ ಅಂತ ಬಯಲು ಸೀಮೆ, ದಿನಗಟ್ಲೆ ನೆರಳೇ ಇಲ್ಲ, ಗಾಳಿ ಮಾತ್ರ. ಮೈಕಿಗೆ ತುಪ್ಪಳದ ಕವರ್ ಹಾಕಿದ್ರೂ ಗೊರಗೊರ ಅಂತಿದೆ. ನಾಯ್ಸ್ ಪೂರ್ತಿ ತೆಗೆದ್ರೆ ದನಿ ಡಬ್ಬದೊಳಗಿಂದ ಬಂದಂಗೆ ಆಗುತ್ತೆ, ಅದಕ್ಕೆ ಅರ್ಧ ಗಾಳಿ ಬಿಟ್ಟಿದೀನಿ.

ದಾರಿಯುದ್ದಕ್ಕೂ ಕಾಣೋ ಹಳದಿ ಬಾಣದ ಗುರುತಿನ ಕಥೆ ಮಾತ್ರ ವಾಪಸ್ ಸೇರಿಸ್ದೆ. ಜನ ಹೆಚ್ಚುಕಮ್ಮಿ ಮರೆತಿದ್ದ ದಾರಿಗೆ 1980ರ ದಶಕದಲ್ಲಿ ಓ ಸೆಬ್ರೇರೊ ಊರಿನ ಪಾದ್ರಿ ಎಲಿಯಾಸ್ ವಾಲಿನ್ಯಾ ಪೇಂಟ್ ಡಬ್ಬ ಹಿಡ್ಕೊಂಡು ಬಾಣ ಬರೀತಾ ಹೋದ್ರು. ಈಗ ವರ್ಷಕ್ಕೆ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಸಾಂಟಿಯಾಗೊ ತಲುಪ್ತಾರೆ. ಆ ಪಾದ್ರಿ ಬಗ್ಗೆ 40 ಸೆಕೆಂಡ್ ಕೂಡ ಇಲ್ಲದಿದ್ರೆ ಹೇಗೆ?

ಕೊನೆ ಸೀನ್ ಇನ್ನೂ ಕೂತಿಲ್ಲ. ಸಾಂಟಿಯಾಗೊ ಯಾತ್ರಿಗಳ ಆಫೀಸಲ್ಲಿ ಸರ್ಟಿಫಿಕೇಟಿಗೆ ಫೋನಲ್ಲಿ ರಿಜಿಸ್ಟರ್ ಮಾಡುವಾಗ ನಡೆದ ಕಾರಣ ಕೇಳ್ತಾರೆ, ಧಾರ್ಮಿಕವೋ, ಆಧ್ಯಾತ್ಮಿಕವೋ, ಬೇರೆಯೋ ಅಂತ. ನನ್ನ ಪಕ್ಕದಲ್ಲಿದ್ದ ಒಬ್ರು ವಯಸ್ಸಾದೋರು, 780 ಕಿ.ಮೀ. ನಡೆದು ಬಂದೋರು, ಆ ಪ್ರಶ್ನೆ ಹತ್ರ ಬಂದು ಹೆಬ್ಬೆರಳು ಫೋನ್ ಮೇಲೆ ಹಿಡಿದು ಹಾಗೇ ನಿಂತ್ಬಿಟ್ರು, ಒಂದು ನಿಮಿಷ ಆದ್ರೂ ಆಗಿರುತ್ತೆ. ಆಗ ನನ್ನ ಕ್ಯಾಮೆರಾ ಬ್ಯಾಗಲ್ಲಿತ್ತು. ಅದನ್ನ ನನ್ನ ದನೀಲೇ ಹೇಳಿ, ಮೇಲೆ ಖಾಲಿ ದಾರಿಯ ಶಾಟ್ ಹಾಕಿ ನೋಡೋಣ ಅಂತಿದೀನಿ. ಭಾನುವಾರ ವಾಯ್ಸ್ ಓವರ್ ರೆಕಾರ್ಡ್ ಮಾಡ್ತೀನಿ, ಆಮೇಲೆ ಸಬ್‌ಟೈಟಲ್ ಕೆಲ್ಸ.