ಹನ್ನೆರಡು ವರ್ಷ ತಡವಾಗಿ ಕೊಟ್ಟ ಉತ್ತರ

2022ರ ಮೇ ತಿಂಗಳ ಒಂದು ಭಾನುವಾರ. ಮೈಸೂರಿನಲ್ಲಿ ಸಂಜೆಯಿಂದ ಮಳೆ ಹಿಡಿದುಕೊಂಡಿತ್ತು. ಹಳೇ ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜು ಬಂತು. ‘ನಮ್ಮ ಪ್ರೆಸಿಡೆಂಟ್ ರಿಟೈರ್ ಆಗ್ತಿದ್ದಾರೆ. ಎಲ್ಲರೂ ಎರಡೆರಡು ಸಾಲು ಬರೀರಿ, ಸೇರಿಸಿ ಕಳಿಸ್ತೀನಿ. ಇವತ್ತು ರಾತ್ರಿನೇ ಬೇಕು.’

ಎರಡು ಸಾಲು ತಾನೇ ಅಂತ ಟೀ ಮಾಡಿಕೊಂಡು ಕೂತೆ. ಟೀ ಆರಿಹೋಯಿತು, ಸಾಲು ಬರಲಿಲ್ಲ. ಗುಂಪಿನಲ್ಲಿ ಒಬ್ಬೊಬ್ಬರದೇ ಶುಭಾಶಯ ಬರುತ್ತಿತ್ತು. ನಿವೃತ್ತಿ ಜೀವನ ಸುಖವಾಗಿರಲಿ, ನಿಮ್ಮನ್ನು ಮರೆಯಲ್ಲ, ಎಲ್ಲದಕ್ಕೂ ಥ್ಯಾಂಕ್ಸ್. ಎಲ್ಲ ಒಳ್ಳೆಯ ಮಾತುಗಳೇ. ಆದರೆ ನಾನು ಅವರಿಗೆ ಹೇಳಬೇಕಾಗಿದ್ದು ಬೇರೆ ಇತ್ತು.

ನಾನು ಹೇಳುತ್ತಿರುವುದು ಫ್ರೀಮನ್ ರಬೌಸ್ಕಿ ಅವರ ಬಗ್ಗೆ. ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ, ಬಾಲ್ಟಿಮೋರ್ ಊರಿನ ಪಕ್ಕದಲ್ಲೇ ಇರುವ ಯುಎಂಬಿಸಿ ಅನ್ನುವ ವಿಶ್ವವಿದ್ಯಾಲಯವನ್ನು 1992ರಿಂದ ಮೂವತ್ತು ವರ್ಷ ನಡೆಸಿದವರು. ಅಲ್ಲಿ ಪ್ರೆಸಿಡೆಂಟ್ ಅಂದರೆ ನಮ್ಮಲ್ಲಿ ವೈಸ್ ಚಾನ್ಸಲರ್ ಇದ್ದ ಹಾಗೆ. ನಮ್ಮ ಕುಲಪತಿಗಳು ನಾಲ್ಕು ವರ್ಷಕ್ಕೆ ಬದಲಾಗುತ್ತಾರೆ. ಮೂವತ್ತು ವರ್ಷ ಅಂದರೆ ಅಪ್ಪ ಓದಿದ ಕಡೆ ಮಗ ಬಂದು ಸೇರಿದರೂ ಅದೇ ಮನುಷ್ಯ ಎದುರಾಗುತ್ತಾರೆ.

ನಾನು ಅಲ್ಲಿಗೆ ಎಂಎಸ್ ಓದಲು ಹೋಗಿದ್ದು 2009ರ ಆಗಸ್ಟಿನಲ್ಲಿ, ತಿಪಟೂರಿನಿಂದ. ನಾನು ಇಂಜಿನಿಯರಿಂಗ್ ಓದಿದ ಕಾಲೇಜಿನಲ್ಲಿ ಕ್ಲಾಸಲ್ಲಿ ಪ್ರಶ್ನೆ ಕೇಳಿದರೆ ಎದುರು ಮಾತಾಡಿದ ಹಾಗೆ ಲೆಕ್ಕ. ಹಾಗಾಗಿ ಅರ್ಥವಾಗದಿದ್ದರೂ ತಲೆ ಆಡಿಸುವುದು ಅಭ್ಯಾಸವಾಗಿಬಿಟ್ಟಿತ್ತು. ಅಲ್ಲಿಯೂ ತಲೆ ಆಡಿಸಿದೆ. ಅಕ್ಟೋಬರಿನಲ್ಲಿ ಮೊದಲ ಪರೀಕ್ಷೆಯ ಅಂಕ ಬಂತು. ನೂರಕ್ಕೆ ಮೂವತ್ತೆಂಟು.

ಲೈಬ್ರರಿ ಪಕ್ಕ ಒಂದು ಕೊಳ ಇದೆ. ಆ ಪೇಪರನ್ನು ನಾಲ್ಕು ಮಡಿಕೆ ಮಾಡಿ ಸ್ವೆಟರಿನ ಜೇಬಿಗೆ ತುರುಕಿಕೊಂಡು ಹೋಗಿ ಅಲ್ಲಿ ಕೂತೆ. ಮನೆಯವರು ಜಮೀನಿನ ಮೇಲೆ ಸಾಲ ತೆಗೆದು ಕಳಿಸಿದ್ದರು. ಬ್ಯಾಂಕಿನ ಮ್ಯಾನೇಜರು, ಸಹಿ ಹಾಕುವಾಗ ಅಪ್ಪ ಪೆನ್ನು ಹಿಡಿದಿದ್ದ ರೀತಿ, ಎಲ್ಲ ಕಣ್ಣ ಮುಂದೆ ಬರುತ್ತಿತ್ತು.

ಆಗ ಸೂಟು ಹಾಕಿಕೊಂಡ ಒಬ್ಬರು ದಾರಿಯಲ್ಲಿ ಬರುತ್ತಿದ್ದರು. ನೋಡಿದ ತಕ್ಷಣ ಗುರುತು ಸಿಕ್ಕಿತು. ಅವರು ಹೀಗೆ ಕ್ಯಾಂಪಸ್ಸಿನಲ್ಲಿ ನಡೆದುಕೊಂಡು ಹೋಗುತ್ತಾ ಹುಡುಗ ಹುಡುಗಿಯರನ್ನು ನಿಲ್ಲಿಸಿ ಮಾತಾಡಿಸುವುದು ಎಲ್ಲರಿಗೂ ಗೊತ್ತಿದ್ದ ವಿಷಯ. ನನ್ನ ಹತ್ತಿರವೂ ನಿಂತರು. ಹೆಸರು ಕೇಳಿದರು. ನನ್ನ ಹೆಸರು ಅವರ ಬಾಯಿಗೆ ಹೊಸದು. ಇನ್ನೊಂದು ಸಲ ಹೇಳಿಸಿಕೊಂಡು, ಸರಿಯಾಗಿ ಹೇಳಿದ ಮೇಲೇ ಮುಂದಿನ ಮಾತು. ಯಾವ ಊರು, ಯಾವ ವಿಷಯ ಅಂತ ವಿಚಾರಿಸಿದರು. ಆಮೇಲೆ ಓದು ಹೇಗೆ ನಡೀತಿದೆ ಅಂತ ಕೇಳಿದರು.

ಚೆನ್ನಾಗಿದೆ ಸರ್ ಅಂದೆ.

ಅವರು ನಕ್ಕು, ಕೈ ಕುಲುಕಿ ಹೋದರು. ನನ್ನ ಇನ್ನೊಂದು ಕೈ ಜೇಬಿನಲ್ಲಿ ಆ ಪೇಪರಿನ ಮೇಲೇ ಇತ್ತು.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ‘ಇವತ್ತು ಪ್ರೆಸಿಡೆಂಟ್ ನನ್ನ ಮಾತಾಡಿಸಿದ್ರು’ ಅಂದೆ. ‘ಯಾರು, ಒಬಾಮಾನಾ?’ ಅಂತ ಕೇಳಿದಳು. ಅಲ್ಲಮ್ಮಾ, ನಮ್ಮ ಯೂನಿವರ್ಸಿಟಿಗೆ ದೊಡ್ಡೋರು, ವೈಸ್ ಚಾನ್ಸಲರ್ ಇದ್ದ ಹಾಗೆ ಅಂತ ಬಿಡಿಸಿ ಹೇಳಿದೆ. ಅದಕ್ಕೆ ಅವಳಿಗೆ ಇನ್ನೂ ಆಶ್ಚರ್ಯ. ‘ವೀಸಿ ಆದೋರು ನಿಂತ್ಕೊಂಡು ಹುಡುಗೀರನ್ನ ಓದು ಹೆಂಗೈತೆ ಅಂತ ಕೇಳ್ತಾರಾ?’

ಆ ಪ್ರಶ್ನೆ ನನಗೆ ನಿದ್ದೆ ಕೊಡಲಿಲ್ಲ. ನಿಜವಾಗಿ ತಿಳಿಯಬೇಕು ಅಂತ ಕೇಳಿದವರಿಗೆ ಸುಳ್ಳು ಹೇಳಿಬಿಟ್ಟೆನಲ್ಲ ಅಂತ. ಮಾರನೇ ದಿನ ಪ್ರೊಫೆಸರ್ ರೂಮಿನ ಬಾಗಿಲು ತಟ್ಟಿ, ಮಡಿಸಿದ ಪೇಪರು ಬಿಚ್ಚಿ ಮೇಜಿನ ಮೇಲಿಟ್ಟೆ. ಅವರು ಬೈಯಲಿಲ್ಲ. ನನ್ನನ್ನು ಮೂರು ಜನರ ಒಂದು ಗುಂಪಿಗೆ ಸೇರಿಸಿದರು. ವಾರಕ್ಕೆ ಎರಡು ಸಂಜೆ ಲೈಬ್ರರಿಯಲ್ಲಿ ಒಟ್ಟಿಗೆ ಕೂತು ಲೆಕ್ಕ ಬಿಡಿಸುವುದು. ಪಕ್ಕದವರಿಗೆ ಕಾಣದ ಹಾಗೆ ಕೈ ಅಡ್ಡ ಇಟ್ಟು ಬರೆದು ಬೆಳೆದ ನನಗೆ ಅದು ಬೇರೆಯೇ ಲೋಕ.

ಇದೆಲ್ಲ ಸುಮ್ನೆ ಆಗಿದ್ದಲ್ಲ ಅಂತ ಆಮೇಲೆ ತಿಳಿಯಿತು. ಒಟ್ಟಿಗೆ ಓದುವುದನ್ನು ಆ ಕ್ಯಾಂಪಸ್ಸಿನಲ್ಲಿ ಹಟ ಹಿಡಿದು ಬೆಳೆಸಿದವರು ರಬೌಸ್ಕಿ ಅವರೇ. 1988ರಲ್ಲಿ, ಇನ್ನೂ ಪ್ರೆಸಿಡೆಂಟ್ ಆಗುವ ಮೊದಲೇ, ರಾಬರ್ಟ್ ಮತ್ತು ಜೇನ್ ಮೇಯರ್‌ಹಾಫ್ ದಂಪತಿಯ ನೆರವಿನಿಂದ ಒಂದು ವಿದ್ಯಾರ್ಥಿವೇತನ ಶುರು ಮಾಡಿದ್ದರು. ವಿಜ್ಞಾನದ ಕಡೆ ಬರುವ ಕಪ್ಪು ಮಕ್ಕಳು ಮಧ್ಯದಲ್ಲೇ ಬಿಟ್ಟು ಹೋಗಬಾರದು ಅಂತ. ಮೊದಲ ತಂಡದಲ್ಲಿ ಇದ್ದವರು ಹತ್ತೊಂಬತ್ತು ಹುಡುಗರು. ಹಿಂದೆಲ್ಲ ಮೊದಲ ದಿನವೇ ಮೇಷ್ಟರು ‘ನಿಮ್ಮ ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಇವರಲ್ಲಿ ಒಬ್ಬರು ಪಾಸಾಗಲ್ಲ’ ಅನ್ನುತ್ತಿದ್ದರಂತೆ. ರಬೌಸ್ಕಿ ಆ ಮಾತನ್ನೇ ತಿರುಗಿಸಿದರು. ಅಕ್ಕಪಕ್ಕ ನೋಡಿ, ಎಲ್ಲರೂ ಪಾಸಾಗಬೇಕು, ಆಗದಿದ್ದರೆ ಸೋತವರು ನಾವು ಅಂತ.

ಅವರ ಬಾಲ್ಯದ ಕತೆಯನ್ನು ನಾನು ಕೇಳಿದ್ದು ಆಮೇಲೆ, ಅವರ ಒಂದು ಭಾಷಣದಲ್ಲಿ. ಊರು ಅಲಬಾಮಾದ ಬರ್ಮಿಂಗ್‌ಹ್ಯಾಮ್. ಹನ್ನೆರಡು ವರ್ಷದ ಹುಡುಗ, ಚರ್ಚಿನ ಹಿಂದಿನ ಸಾಲಲ್ಲಿ ಕೂತು ಲೆಕ್ಕ ಮಾಡುತ್ತಿದ್ದ. ಲೆಕ್ಕ ಅಂದರೆ ಅವರಿಗೆ ಈಗಲೂ ಮೈ ಜುಂ ಅನ್ನುತ್ತದಂತೆ. ಮುಂದೆ ಮಾತಾಡುತ್ತಿದ್ದವರು ಮಕ್ಕಳೂ ಮೆರವಣಿಗೆಗೆ ಬಂದರೆ ಮಕ್ಕಳಿಗೂ ಒಳ್ಳೆಯ ಶಾಲೆ ಸಿಗುತ್ತದೆ ಅಂದರು. ಹುಡುಗ ತಲೆ ಎತ್ತಿ ಇವರು ಯಾರು ಅಂತ ಕೇಳಿದ. ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಮಾರ್ಟಿನ್ ಲೂಥರ್ ಕಿಂಗ್. ಅಪ್ಪ ಅಮ್ಮ ಮೊದಲು ಬೇಡ ಅಂದರು, ಬೆಳಗಾಗುವಷ್ಟರಲ್ಲಿ ಒಪ್ಪಿದರು. 1963ರ ಮೇ ತಿಂಗಳ ಆ ಮೆರವಣಿಗೆಯಲ್ಲಿ ಹುಡುಗನನ್ನು ಹಿಡಿದು ಐದು ದಿನ ಜೈಲಿನಲ್ಲಿಟ್ಟರು. ಒಳ್ಳೆಯ ಶಾಲೆ ಬೇಕು ಅಂದಿದ್ದಕ್ಕೆ ಹನ್ನೆರಡು ವರ್ಷದ ಮಗುವಿಗೆ ಜೈಲು! ನನ್ನ ಮೂವತ್ತೆಂಟು ಅಂಕ ಆಗ ತುಂಬಾ ಚಿಕ್ಕದಾಗಿ ಕಂಡಿತು. ಆ ಹುಡುಗ ಹದಿನೈದಕ್ಕೇ ಕಾಲೇಜು ಸೇರಿ, ಇಪ್ಪತ್ತನಾಲ್ಕಕ್ಕೆ ಪಿಎಚ್‌ಡಿ ಮುಗಿಸಿದ.

ಮುಂದಿನ ಪರೀಕ್ಷೆಗಳಿಗೆ ಮೊದಲು ನಾವೂ ಎಲ್ಲರ ಹಾಗೆ ಟ್ರೂ ಗ್ರಿಟ್ ಮೂಗು ಸವರಿ ಹೋಗುತ್ತಿದ್ದೆವು. ಅದು ಕ್ಯಾಂಪಸ್ಸಿನಲ್ಲಿರುವ ನಾಯಿಯ ಕಂಚಿನ ಪ್ರತಿಮೆ. ಮೈಯೆಲ್ಲ ಕಂದು, ಮೂಗು ಮಾತ್ರ ಕೈ ತಾಗಿ ತಾಗಿ ಚಿನ್ನದ ಹಾಗೆ ಹೊಳೆಯುತ್ತದೆ. ನಮ್ಮೂರ ಗುಡಿಯ ಬಸವನ ಹಣೆಯೂ ಹಾಗೇ ನುಣುಪು. 2011ರಲ್ಲಿ ಡಿಗ್ರಿ ಸಿಕ್ಕಿತು. ನಾಲ್ಕು ವರ್ಷ ಅಲ್ಲೇ ಕೆಲಸ ಮಾಡಿ, ಸಾಲ ತೀರಿಸಿ, ವಾಪಸ್ ಬಂದು ಮೈಸೂರಿನಲ್ಲಿ ಮೇಷ್ಟ್ರ ಕೆಲಸ ಹಿಡಿದೆ.

ದೂರ ಬಂದ ಮೇಲೂ ಆ ಕ್ಯಾಂಪಸ್ಸು ಬಿಡಲಿಲ್ಲ. 2018ರ ಯುಗಾದಿಯ ಹಿಂದಿನ ದಿನ, ಶನಿವಾರ ಬೆಳಿಗ್ಗೆ, ದೇವರಾಜ ಮಾರುಕಟ್ಟೆಯಲ್ಲಿ ಮಾವಿನ ಸೊಪ್ಪು, ಬೇವಿನ ಸೊಪ್ಪು ಕೊಳ್ಳುತ್ತಿದ್ದೆ. ಫೋನು ಒಂದೇ ಸಮ ಗುಂಯ್ ಅನ್ನುತ್ತಿತ್ತು. ಅಮೆರಿಕದ ಕಾಲೇಜು ಹುಡುಗರ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಹದಿನಾರನೇ ಶ್ರೇಯಾಂಕದ ನಮ್ಮ ಬ್ಯಾಸ್ಕೆಟ್‌ಬಾಲ್ ತಂಡ ಒಂದನೇ ಶ್ರೇಯಾಂಕದ ವರ್ಜೀನಿಯಾ ವಿಶ್ವವಿದ್ಯಾಲಯವನ್ನು 74–54ರಲ್ಲಿ ಸೋಲಿಸಿತ್ತು. ಆ ಪಂದ್ಯಾವಳಿಯಲ್ಲಿ ಹದಿನಾರನೇ ಶ್ರೇಯಾಂಕದ ತಂಡಗಳು ಅದಕ್ಕೆ ಮೊದಲು ಒಂದನೇ ಶ್ರೇಯಾಂಕದವರ ಎದುರು 135 ಸಲ ಆಡಿ, 135 ಸಲವೂ ಸೋತಿದ್ದವು. ಸೊಪ್ಪಿನ ಕಟ್ಟು ಕಂಕುಳಲ್ಲಿಟ್ಟುಕೊಂಡು ಅಲ್ಲೇ ನಿಂತು ಸ್ಕೋರನ್ನು ಮತ್ತೆ ಮತ್ತೆ ನೋಡಿದೆ.

ಆದರೆ ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಕೋವಿಡ್ ವರ್ಷ. ಮೊಡೆರ್ನಾ ಲಸಿಕೆಯ ಹಿಂದೆ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ದುಡಿದ ಕಿಜ್ಮೆಕಿಯಾ ಕಾರ್ಬೆಟ್ ಇದೇ ಯುಎಂಬಿಸಿಯ ಹುಡುಗಿ. ಅದೇ ಮೇಯರ್‌ಹಾಫ್ ವಿದ್ಯಾರ್ಥಿವೇತನದಲ್ಲಿ ಓದಿ, ನಾನು ಸೇರುವ ಹಿಂದಿನ ವರ್ಷ ಪಾಸಾಗಿ ಹೋದವರು. 2020ರಲ್ಲಿ ಆ ಲಸಿಕೆಯ ಪ್ರಯೋಗಕ್ಕೆ ಜನ ಬೇಕಾದಾಗ ರಬೌಸ್ಕಿ ಮತ್ತು ಅವರ ಹೆಂಡತಿ ತಾವಾಗಿಯೇ ಹೋಗಿ ಸೇರಿಕೊಂಡರು. ಆಗ ಅವರಿಗೆ ಎಪ್ಪತ್ತು ವರ್ಷ. ಚುಚ್ಚಿದ್ದು ನಿಜವಾದ ಲಸಿಕೆಯೋ ಉಪ್ಪುನೀರೋ ಅನ್ನುವುದೂ ಅಂಥ ಪ್ರಯೋಗದಲ್ಲಿ ತಿಳಿಯುವುದಿಲ್ಲ. ತಮ್ಮ ಕೈಕೆಳಗೆ ಓದಿದ ಹುಡುಗಿ ದುಡಿದು ಮಾಡಿದ ಮದ್ದಿಗೆ ಮೇಷ್ಟರು ತೋಳು ಒಡ್ಡಿ ಕೂತರು. ಒಬ್ಬ ಮೇಷ್ಟರಿಗೆ ಇದಕ್ಕಿಂತ ದೊಡ್ಡ ಭಾಗ್ಯ ಇದೆಯಾ? ನಾನೂ ಪಾಠ ಹೇಳುವವಳು. ಆ ಸುದ್ದಿ ಓದಿದ ದಿನ ಅತ್ತುಬಿಟ್ಟೆ.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ರಾತ್ರಿ ಹತ್ತಾಗಿತ್ತು. ಗುಂಪಿನಲ್ಲಿ ನನ್ನದೊಂದೇ ಬಾಕಿ. ಕೊನೆಗೆ ಹೀಗೆ ಬರೆದೆ:

‘2009ರ ಅಕ್ಟೋಬರಿನಲ್ಲಿ ಲೈಬ್ರರಿ ಕೊಳದ ಹತ್ತಿರ ನೀವು ನನ್ನನ್ನು ಓದು ಹೇಗಿದೆ ಅಂತ ಕೇಳಿದಿರಿ. ಚೆನ್ನಾಗಿದೆ ಅಂದೆ. ಚೆನ್ನಾಗಿರಲಿಲ್ಲ ಸರ್. ಜೇಬಿನಲ್ಲಿ ಮೂವತ್ತೆಂಟು ಅಂಕದ ಪೇಪರಿತ್ತು. ನೀವು ಕೇಳಿದ್ದಕ್ಕೇ ಮಾರನೇ ದಿನ ಹೋಗಿ ನಿಜ ಹೇಳಿದೆ. ಈಗ ನಾನೂ ಕಾರಿಡಾರಿನಲ್ಲಿ ನಿಂತು ನನ್ನ ಹುಡುಗ ಹುಡುಗಿಯರನ್ನು ಅದೇ ಪ್ರಶ್ನೆ ಕೇಳುತ್ತೇನೆ. ಚೆನ್ನಾಗಿದೆ ಅಂದರೆ ಇನ್ನೊಂದು ಸಲ ಕೇಳುತ್ತೇನೆ. ನೂರು ಕಾಲ ಬಾಳಿ.’

ಕಳಿಸಿದ ಮೇಲೆ ಅಮ್ಮನಿಗೆ ಫೋನ್ ಮಾಡಿ ವಿಷಯ ಹೇಳಿದೆ. ‘ಮೂವತ್ತು ವರ್ಷ ದುಡಿದೋರ್ನ ಬರೀ ಮಾತಲ್ಲಿ ಕಳಿಸ್ತೀರಾ? ಒಂದು ಶಾಲಿಲ್ಲ, ತಾಂಬೂಲ ಇಲ್ಲ’ ಅಂತ ಬೇಜಾರು ಮಾಡಿಕೊಂಡಳು. ಅಟ್ಟದ ಮೇಲೆ ಉಂಡೆ ಕೊಬ್ಬರಿ ಇದೆ, ಕಳಿಸೋಕಾಗುತ್ತಾ ಅಂತಲೂ ಕೇಳಿದಳು.

ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಅವಳದೇ ಫೋನು. ಗಣಪತಿ ಗುಡಿಗೆ ಹೋಗಿ ಅವರ ಹೆಸರಲ್ಲಿ ಅರ್ಚನೆ ಮಾಡಿಸಿಕೊಂಡು ಬಂದಿದ್ದಳು.

‘ಗೋತ್ರ, ನಕ್ಷತ್ರ ಕೇಳಿದ್ರು. ಗೊತ್ತಿಲ್ಲ, ಮೇಷ್ಟ್ರು ಅಂತ ಹೇಳಿದೆ’ ಅಂದಳು. ‘ಹೆಸರು ಎರಡು ಸಲ ಹೇಳಿಸ್ಕೊಂಡ್ರು ಕಣೇ. ಆಮೇಲೆ ಸರಿಯಾಗೇ ಹೇಳಿದ್ರು.’