ಕಕ್ಕಡದ ಮಳೆಗೆ ಹಾಕಿದ ಒಗ್ಗರಣೆ

ಮಡಿಕೇರಿಯಲ್ಲಿ ಕೂತು ಕಿರುಚಿತ್ರಗಳಿಗೆ ಸೌಂಡ್ ಮಾಡುವುದು ನನ್ನ ಕೆಲಸ. ಹೋದ ಏಪ್ರಿಲ್‌ನಲ್ಲಿ ಒಂದು ಚಿತ್ರ ಬಂತು. ಕಥೆ ಕಕ್ಕಡ ತಿಂಗಳದ್ದು, ಅಂದರೆ ಜುಲೈ-ಆಗಸ್ಟ್‌ನ ಜಡಿಮಳೆಯ ಕಾಲದ್ದು. ಹೊರಗೆ ಮಾತ್ರ ಸುಡು ಬಿಸಿಲು. ಗುಡುಗಿಕೊಂಡು ಬಂದು ಅರ್ಧ ಗಂಟೆಯಲ್ಲಿ ಹೋಗುವ, ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಗೂ ಕಕ್ಕಡದಲ್ಲಿ ಮೂರು ದಿನ ಬಿಡದೆ ಹಿಡಿಯುವ ಮಳೆಗೂ ಸಂಬಂಧವೇ ಇಲ್ಲ, ಅಲ್ವಾ? ಸರಿ, ರೆಕಾರ್ಡ್ ಮಾಡದೆ ಸದ್ದನ್ನೇ ಹುಟ್ಟಿಸುವ ಸಿಂಥ್‌ನಲ್ಲೇ (ಸಿಂಥಸೈಜರ್) ಮಾಡೋಣ ಅಂದುಕೊಂಡೆ.

ಕಂಪ್ಯೂಟರ್‌ನಲ್ಲಿ ಸರ್ಜ್ ಎಕ್ಸ್‌ಟಿ ಅನ್ನುವ ಸಿಂಥ್ ತೆರೆದೆ. ಪುಕ್ಕಟೆ ಸಿಗುತ್ತದೆ, ದುಡ್ಡು ಕೊಟ್ಟು ತಗೊಂಡ ಸಿಂಥ್‌ಗಳಿಗಿಂತ ನನಗೆ ಜಾಸ್ತಿ ಕೆಲಸಕ್ಕೆ ಬಂದಿದೆ. ವೈಟ್ ನಾಯ್ಸ್ (ಚಾನೆಲ್ ಸಿಗದ ಟಿವಿಯ 'ಶ್‌ಶ್' ಸದ್ದು) ಹಾಕಿ, ಫಿಲ್ಟರ್‌ನಲ್ಲಿ ಅದರ ಚುರುಕು ಇಳಿಸಿ, ಸದ್ದನ್ನು ತಾನಾಗೇ ಅಲ್ಲಾಡಿಸುವ ಎಲ್‌ಎಫ್‌ಒದಿಂದ ನಿಧಾನವಾಗಿ ಏರಿಳಿತ ಕೊಟ್ಟೆ. ಹೆಡ್‌ಫೋನ್‌ನಲ್ಲಿ ಚೆನ್ನಾಗೇ ಇತ್ತು. ಸ್ಪೀಕರ್‌ಗೆ ಹಾಕಿದ ಕೂಡಲೇ ಅಮ್ಮ, "ಏನೋ ಅದು, ಒಗ್ಗರಣೆ ಹಾಕಿದ ಹಾಗೆ?" ಅಂದರು.

ಮಳೆ ಒಂದೇ ಸದ್ದಲ್ಲ. ಹೆಂಚಿಗೆ ಬಿದ್ದದ್ದು ಬೇರೆ, ಸೂರಿನಿಂದ ಇಳಿದದ್ದು ಬೇರೆ, ಹಿತ್ತಲಿನ ಕಾಫಿ ಎಲೆಯ ಮೇಲಿನದು ಬೇರೆ. ನಾಯ್ಸ್‌ನಲ್ಲಿ ಈ ದೂರ-ಹತ್ತಿರ ಇಲ್ಲ. ರಿವರ್ಬ್ (ಕೋಣೆಯ ಮಾರ್ದನಿ) ಸುರಿದೆ, ಬಾವಿಯೊಳಗೆ ಮಳೆ ಬಂದ ಹಾಗಾಯಿತು.

ಮಜಾ ಏನೆಂದರೆ, ಸೋರುವ ಮನೆಯ ಬಕೆಟ್‌ಗೆ ಬೀಳುವ ಹನಿ ಸಿಂಥ್‌ನಿಂದಲೇ ಸೊಗಸಾಗಿ ಬಂತು. ನೀರಿಗೆ ಹನಿ ಬಿದ್ದಾಗ 'ಟಿಣ್' ಅನ್ನುವುದು ಹನಿಯಲ್ಲ, ನೀರೊಳಗೆ ಸಿಕ್ಕಿಬಿದ್ದ ಗಾಳಿಗುಳ್ಳೆ. ಅದರ ಸದ್ದು ಹೆಚ್ಚುಕಮ್ಮಿ ಬರೀ ಸೈನ್ ಅಲೆ, ಅಂದರೆ ಶಿಳ್ಳೆಯಂಥ ಒಂದೇ ಸ್ವರ. ಆ ಅಲೆ ಹುಟ್ಟಿಸುವ ಒಂದು ಸೈನ್ ಆಸಿಲೇಟರ್, ಪಿಚ್ಚನ್ನು (ಶ್ರುತಿಯನ್ನು) ಚೂರು ಮೇಲಕ್ಕೆ ಜಾರಿಸುವ ಎನ್ವಲಪ್, ಥಟ್ಟನೆ ಆರುವ ವಾಲ್ಯೂಮ್, ಅಷ್ಟೇ. ಪ್ರತಿ ಹನಿಗೂ ಪಿಚ್ ಸ್ವಲ್ಪ ಬದಲಿಸದಿದ್ದರೆ ಮಾತ್ರ ಗೋಡೆ ಗಡಿಯಾರ ಆಗಿಬಿಡುತ್ತದೆ.

ಚಿತ್ರಕ್ಕೆ ದುಡಿಯ ಸದ್ದೂ ಬೇಕಿತ್ತು, ನಮ್ಮ ಕೊಡಗಿನ ಪುಟ್ಟ ಚರ್ಮವಾದ್ಯ. ಅದರಲ್ಲಿ ಮತ್ತೆ ಸೋತೆ. ಒಂದು ಪೆಟ್ಟು ಮಾಡಬಹುದು. ಆದರೆ ನಾಲ್ಕು ಜನ ಬಾರಿಸುವಾಗ ಒಂದು ದುಡಿಯ ಚರ್ಮ ಚೂರು ಸಡಿಲ, ಇನ್ನೊಬ್ಬರ ಕೈ ಚೂರು ಹಿಂದೆ. ಇಲ್ಲಿನವರ ಕಿವಿಗೆ ಅದೆಲ್ಲ ಗೊತ್ತು. "ಅಣ್ಣಾ, ಮೊಬೈಲ್ ಗೇಮ್ ತರ ಇದೆ" ಅಂದ ನಿರ್ದೇಶಕ. ಬಾರಿಸುವವರನ್ನೇ ಕರೆಸಿದೆವು.

ಗಾಳಿ ಮಾತ್ರ ಪೂರ್ತಿ ಸಿಂಥ್‌ದೇ. ಕಿಟಕಿ ಸಂದಿಯಲ್ಲಿ ಗಾಳಿ ಊಳಿಡುವುದೂ ಒಂದು ಫಿಲ್ಟರ್ ಮಾಡುವ ಕೆಲಸವೇ. ಫಿಲ್ಟರ್ ಸದ್ದನ್ನು ಕತ್ತರಿಸುವ ಜಾಗ ಕಟಾಫ್, ಅಲ್ಲೇ ಸದ್ದನ್ನು ಊಳಿಡಿಸುವುದು ರೆಸೊನೆನ್ಸ್. ರೆಸೊನೆನ್ಸ್ ಏರಿಸಿ ಕಟಾಫ್ ಅಲ್ಲಾಡಿಸಿದರೆ ಸಾಕು. ಮೂರು ವಾರ ಬಿಟ್ಟು, "ಸ್ವಲ್ಪ ಭಯ ಜಾಸ್ತಿ ಬೇಕು" ಅಂತ ನಿರ್ದೇಶಕ ಅಂದಾಗ ಸೇವ್ ಮಾಡಿಟ್ಟ ಅದೇ ಪ್ಯಾಚ್ (ಸಿಂಥ್‌ನ ಸೆಟ್ಟಿಂಗ್) ತೆರೆದು ಎರಡು ನಿಮಿಷದಲ್ಲಿ ಬದಲಿಸಿ ಕೊಟ್ಟೆ. ರೆಕಾರ್ಡ್ ಮಾಡಿದ ಗಾಳಿಯಾಗಿದ್ದರೆ ಮತ್ತೆ ಗಾಳಿಗೆ ಕಾಯಬೇಕಿತ್ತು.

ಮಳೆ ಏನಾಯಿತು ಅಂತೀರಾ? ತೋಟದ ಸ್ಪ್ರಿಂಕ್ಲರ್ ತಂದು ಹೆಂಚಿನ ಮೇಲೆ ನೀರು ಹಾರಿಸಿದೆವು. ಜಗಲಿಯಲ್ಲಿ ಒಂದು ಮೈಕ್, ಕಾಫಿ ಗಿಡದ ಬುಡದಲ್ಲಿ ಇನ್ನೊಂದು. ಸ್ಪ್ರಿಂಕ್ಲರ್‌ನ 'ಚಿಕ್ ಚಿಕ್' ಕೂಡ ಅಲ್ಲಲ್ಲಿ ರೆಕಾರ್ಡ್ ಆಗಿಬಿಟ್ಟಿತ್ತು. ಅದರ ಮೇಲೆ ಸಿಂಥ್ ಗಾಳಿ ಬೀಸಿ ಮುಚ್ಚಿದೆ.