ಹಡಗಿನ ಸ್ಟೋರು, ಕಂದಾಯದ ಕಡತ, ಅಡಿಕೆ ವಖಾರಿ

ನೌಕಾಪಡೆಯಲ್ಲಿದ್ದವನು ಅಂದಕೂಡಲೇ ಜನ ಹೇಳುವುದು ಒಂದೇ ಮಾತು: "ಹಾಗಾದ್ರೆ ಶಿಸ್ತು ಇರ್ತದೆ ಬಿಡಿ." ಆಮೇಲೆ ಮಾಡಿದ ಎರಡು ಕೆಲಸಗಳಲ್ಲಿ ಆ ಶಿಸ್ತು ನನಗೆ ಅಷ್ಟೇನೂ ಉಪಯೋಗಕ್ಕೆ ಬರಲಿಲ್ಲ. ಬೇಗ ಏಳುತ್ತೇನೆ, ಶೂ ಪಾಲಿಶ್ ಮಾಡುತ್ತೇನೆ, ಅಷ್ಟೇ. ಉಪಯೋಗಕ್ಕೆ ಬಂದದ್ದು ಸ್ಟೋರಿನಲ್ಲಿ ಅಂಟಿಕೊಂಡ ಒಂದು ಅಭ್ಯಾಸ.

ನಾನು ಸ್ಟೋರ್ಸ್ ಬ್ರಾಂಚಿನ ನಾವಿಕ. ಒಡಿಶಾದ ಚಿಲ್ಕಾದಲ್ಲಿ ತರಬೇತಿ, ಆಮೇಲೆ ಮುಂಬೈ, ಕೊನೆಗೆ ನಮ್ಮ ಕಾರವಾರದ ಐಎನ್‌ಎಸ್ ಕದಂಬ ನೌಕಾನೆಲೆ. ಹಡಗಿನ ಸ್ಟೋರು ಅಂದರೆ ಕಿಟಕಿ ಇಲ್ಲದ ಕಬ್ಬಿಣದ ಕೋಣೆ. ಗೋಡೆ ತುಂಬ ಡ್ರಾಯರುಗಳು, ಅವುಗಳಲ್ಲಿ ಗ್ಯಾಸ್ಕೆಟ್ಟು, ಬೇರಿಂಗು, ಫ್ಯೂಸು. ಒಂದೊಂದಕ್ಕೂ ಗುರುತಿನ ಪ್ಯಾಟರ್ನ್ ನಂಬರು, ಎಷ್ಟು ಉಳಿದಿದೆ ಅಂತ ಬರೆದಿಡುವ ಬಿನ್ ಕಾರ್ಡು. ಕಾರ್ಡಿನಲ್ಲಿ ನಾಲ್ಕು ಅಂತಿದ್ದು ಡ್ರಾಯರಿನಲ್ಲಿ ಮೂರೇ ಇದ್ದರೆ ಅವತ್ತೇ ಮೇಲಿನವರಿಗೆ ಹೇಳಬೇಕು. ಬಂದರಿನಲ್ಲಿದ್ದಾಗ ಹೇಳಿದರೆ ಬೈಗುಳಕ್ಕೆ ಮುಗಿಯುತ್ತದೆ. ನಡುಸಮುದ್ರದಲ್ಲಿ ಪಂಪು ಕೆಟ್ಟಾಗ ಗೊತ್ತಾದರೆ ಕಥೆಯೇ ಬೇರೆ. ಹಾಗಾಗಿ 'ಇಲ್ಲ ಸರ್' ಅನ್ನುವುದಕ್ಕೆ ಅಲ್ಲಿ ಯಾರೂ ನಾಚುವುದಿಲ್ಲ.

15 ವರ್ಷದ ಅವಧಿ ಮುಗಿಸಿ, ಮಾಜಿ ಸೈನಿಕರ ಕೋಟಾದಲ್ಲಿ ಜಿಲ್ಲೆಯ ಒಂದು ಕಂದಾಯ ಕಚೇರಿಗೆ ಗುಮಾಸ್ತನಾಗಿ ಸೇರಿದೆ. ಅಲ್ಲಿಯ ಲೆಕ್ಕವೇ ಉಲ್ಟಾ. ಯಾರೂ 'ಆಗುವುದಿಲ್ಲ' ಅನ್ನುವುದಿಲ್ಲ, 'ಸೋಮವಾರ ಬನ್ನಿ' ಅನ್ನುತ್ತಾರೆ. ಕಡತ ಮೇಲೆ ಹೋಗುತ್ತದೆ, 'ಚರ್ಚಿಸಿ' ಅಂತ ಬರೆಸಿಕೊಂಡು ಕೆಳಗೆ ಬರುತ್ತದೆ. ಚರ್ಚಿಸಲು ಹೋದರೆ ಸಾಹೇಬರು ಮೀಟಿಂಗಿನಲ್ಲಿ. ಅವರನ್ನು ಪೂರ್ತಿ ಬೈಯಲಾರೆ. ತೀರ್ಮಾನ ಬರೆದವನಿಗೆ ಆಡಿಟ್ಟು, ನೋಟಿಸು ಎಲ್ಲ ಇದೆ. ಬರೆಯದವನಿಗೆ ಏನೂ ಇಲ್ಲ. ಯಾಕೆ ಬರೆಯುತ್ತಾರೆ ಹೇಳಿ?

ನನ್ನ ಟೇಬಲ್ಲಿಗೆ ಸೀಬರ್ಡ್ ನಿರಾಶ್ರಿತರೂ, ಅಂದರೆ ಇದೇ ಕಾರವಾರದ ನೌಕಾನೆಲೆಯ ಯೋಜನೆಗೆ ಜಾಗ ಕಳೆದುಕೊಂಡವರೂ, ಬರುತ್ತಿದ್ದರು. ಆ ನೆಲೆಗೆ ಅಡಿಗಲ್ಲು ಬಿದ್ದದ್ದು 1986ರಲ್ಲಿ, ಕಾರ್ಯಾರಂಭ ಆದದ್ದು 2005ರಲ್ಲಿ. ಕಾರವಾರ, ಅಂಕೋಲಾ ಕರಾವಳಿಯ ಎಷ್ಟೋ ಮನೆಗಳು ಅದಕ್ಕಾಗಿ ಎದ್ದು ಹೋದವು. ನಾನು ಸಂಬಳ ತಗೊಂಡು ಓಡಾಡಿದ ನೆಲ ಅವರ ಗದ್ದೆ, ಅವರು ದೋಣಿ ಎಳೆದು ಹಾಕುತ್ತಿದ್ದ ದಂಡೆ. ತೋಡೂರು ಕಡೆಯಿಂದ ಒಬ್ಬ ಅಜ್ಜಿ ಪ್ಲಾಸ್ಟಿಕ್ ಚೀಲದಲ್ಲಿ ಕಾಗದ ತುಂಬಿಕೊಂಡು ಬರುತ್ತಿದ್ದಳು. ಭೂಸ್ವಾಧೀನದ ಕಾಗದದಲ್ಲಿ ಗಂಡನ ಅಡ್ಡಹೆಸರು ತಾಂಡೇಲ, ರೇಷನ್ ಕಾರ್ಡಿನಲ್ಲಿ ಹರಿಕಂತ್ರ. ಆಳು ಒಬ್ಬನೇ ಅಂತ ಊರಿಗೆಲ್ಲ ಗೊತ್ತು, ಕಡತಕ್ಕೆ ಗೊತ್ತಿಲ್ಲ. ಅವಳಿಗೆ ಸಿಕ್ಕಿದ್ದೆಲ್ಲ ಬಾಯಿಮಾತಿನ ಉತ್ತರ.

ಯಾವ ಕಾಗದ ಕಡಿಮೆ ಇದೆ, ಅದನ್ನು ಎಲ್ಲಿಂದ ತರಬೇಕು ಅಂತ ಒಂದು ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ತಯಾರಿಸಿ ಸಹಿಗೆ ಇಟ್ಟೆ. ಸಹಿಯೂ ಆಯಿತು. ಪಕ್ಕದ ಟೇಬಲ್ಲಿನವರಿಗೆ ಗಾಬರಿ. "ಸುಮ್ನೆ ಯಾಕೆ ಬರೆದು ಕೊಡ್ತೀರಿ ಮಾರಾಯ್ರೇ, ನಾಳೆ ಅದನ್ನೇ ಹಿಡ್ಕೊಂಡು ಕೋರ್ಟಿಗೆ ಹೋಗ್ತಾಳೆ." ಹೋಗಲಿ, ಅದಕ್ಕೇ ಅಲ್ವಾ ಹಿಂಬರಹ ಇರುವುದು? 'ಸೋಮವಾರ ಬನ್ನಿ' ಅಂದದ್ದರ ಮೇಲೆ ಯಾರೂ ಮೇಲ್ಮನವಿ ಹಾಕಲಾರರು. ಅಜ್ಜಿ ಕೋರ್ಟಿಗೆ ಹೋಗಲಿಲ್ಲ. ಎರಡೂ ಹೆಸರು ಒಬ್ಬನದೇ ಅಂತ ಅಫಿಡವಿಟ್ಟು, ಜೊತೆಗೆ ವಂಶವೃಕ್ಷ ತಂದಳು. ಕಡತ ಮುಂದಕ್ಕೆ ಹೋಯಿತು.

ಸ್ವಯಂ ನಿವೃತ್ತಿ ತೆಗೆದುಕೊಂಡು ಶಿರಸಿಯಲ್ಲಿ ಭಾವನ ಅಡಿಕೆ ವ್ಯಾಪಾರಕ್ಕೆ ಬಂದೆ. ಚಾಲಿ, ರಾಶಿ, ಬೆಟ್ಟೆ, ಬಿಳೆಗೋಟು, ಕೋಕಾ ಅಂತ ಅಡಿಕೆಯಲ್ಲೇ ಹಲವು ಬಗೆ, ಒಂದೊಂದಕ್ಕೂ ಒಂದೊಂದು ದರ. 2019ರಲ್ಲಿ ಶಿರಸಿ ಅಡಿಕೆಗೆ ಜಿಐ (ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿತು, ವ್ಯಾಪಾರಿಗಳು ದರ ಬರೆದು ಕೊಡುವ ಟೆಂಡರಿನಲ್ಲಿ ಅದನ್ನು ಕೇಳಿದವರನ್ನು ಮಾತ್ರ ನಾನು ಕಂಡಿಲ್ಲ. ಮಾರಾಟಕ್ಕಿಟ್ಟ ಲಾಟಿನ (ಗುಡ್ಡೆಯ) ಮೇಲ್ಭಾಗ ನೋಡಿದರೆ ಏನೂ ತಿಳಿಯದು. ಮೊಣಕೈವರೆಗೆ ಕೈ ಹಾಕಿ ಅಡಿಯದ್ದನ್ನು ತೆಗೆಯಬೇಕು, ಅಡಕತ್ತರಿಯಲ್ಲಿ ಒಡೆಯಬೇಕು. ಸರಿಯಾಗಿ ಒಣಗಿದ್ದು ಟಕ್ ಅನ್ನುತ್ತದೆ. ಹಸಿ ಇದ್ದರೆ ಕತ್ತರಿ ಸಿಕ್ಕಿಕೊಳ್ಳುತ್ತದೆ. ಅಲ್ಲೇ ನಿಂತು ದರ ಬರೆಯಬೇಕು. ಕೇಳಲು ಮೇಲಿನವರಿಲ್ಲ, 'ಚರ್ಚಿಸಿ' ಅನ್ನಲು ಕೆಳಗಿನವರಿಲ್ಲ, ತಪ್ಪಿದರೆ ನಷ್ಟ ನಮ್ಮದೇ ಜೇಬಿಗೆ. ಇದನ್ನು ನನಗೆ ಹಡಗೂ ಕಲಿಸಿರಲಿಲ್ಲ, ಕಚೇರಿಯೂ ಕಲಿಸಿರಲಿಲ್ಲ. ಭಾವನ ಹಿಂದೆ ತಿರುಗಿ ಕಲಿತೆ.

ನಾನು ಅವನಿಗೆ ಕಲಿಸಲು ನೋಡಿದ್ದು ಒಂದನ್ನೇ. ನಮ್ಮ ಚಾಲಿ ಜಾಸ್ತಿ ಹೋಗುವುದು ಉತ್ತರ ಭಾರತಕ್ಕೆ. ಮಳೆಗಾಲದಲ್ಲಿ ಎಷ್ಟು ಮುಚ್ಚಿಟ್ಟರೂ ಕೆಲವು ಚೀಲಕ್ಕೆ ಥಂಡಿ ಹಿಡಿಯುತ್ತದೆ. ಲೋಡಿನಲ್ಲಿ ಅಂಥವು ಎಷ್ಟಿವೆ ಅಂತ ಲಾರಿ ಹೊರಡುವ ಮೊದಲೇ ಖರೀದಿದಾರನಿಗೆ ಫೋನು ಮಾಡುತ್ತೇನೆ. ಚೀಲದ ಮೇಲೆ ಗುರುತೂ ಹಾಕಿಸುತ್ತೇನೆ. "ಅಂವ ಕೇಳಿದ ಮೇಲೆ ಹೇಳಿದ್ರಾಯ್ತಪ್ಪ" ಅನ್ನುವುದು ಭಾವನ ವಾದ. ಕೇಳಿದ ಮೇಲೆ ಹೇಳಿದರೆ ಇಡೀ ಲೋಡಿನ ದರ ಕಡಿಯುತ್ತಾರೆ, ಮೊದಲೇ ಹೇಳಿದರೆ ಆ ಚೀಲಗಳದ್ದು ಮಾತ್ರ ಅನ್ನುವುದು ನನ್ನ ವಾದ. ಭಾವ ಇನ್ನೂ ಪೂರ್ತಿ ಒಪ್ಪಿಲ್ಲ. ಒಮ್ಮೊಮ್ಮೆ ಮಾರುಕಟ್ಟೆ ಬಿಸಿ ಇದ್ದಾಗ ಖರೀದಿದಾರ ಏನೂ ನೋಡದೆ ಇಳಿಸಿಕೊಳ್ಳುತ್ತಾನೆ. ಅಂಥ ದಿನ ಭಾವನ ಲೆಕ್ಕವೇ ಲಾಭದ್ದು.